ಐದು ಗ್ಯಾಲನ್‌ಗೆ ಒಂದು ಪಾತ್ರೆ

ಮುಚ್ಚಳ ತೆಗೆದದ್ದೇ ತಡ, ಸಿರಿಲ್ ಸಗ್ಡನ್ ಮೂರು ಹೆಜ್ಜೆ ಹಿಂದಕ್ಕೆ ಹಾರಿ ಅಡುಗೆಮನೆಯ ಗೋಡೆಗೆ ಬೆನ್ನು ಕೊಟ್ಟು ನಿಂತ.

ಹದಿನೈದು ದಿನದ ಕೆಳಗೆ ಆ ಬಿಳಿ ಪ್ಲಾಸ್ಟಿಕ್ ಡ್ರಮ್ಮು ಪಕ್ಕದ ಮನೆಯ ಡಗ್ಲಸ್ ಪಿಕಲ್ಸ್‌ನ ಕೈಗೆ ಹೋಗುವಾಗ ಹಾಲು ಕಾಯಿಸುವ ಪಾತ್ರೆಯಷ್ಟು ಶುದ್ಧವಾಗಿತ್ತು. ಬಿಯರ್ ಹುದುಗಿಸುವುದಕ್ಕೆ ಬಿಟ್ಟರೆ ಸಿರಿಲ್ ಅದನ್ನು ಇನ್ನಾವುದಕ್ಕೂ ಬಳಸಿದವನಲ್ಲ. ಒಳಗೆ ಗೀರು ಬಿದ್ದೀತೆಂದು ಬ್ರಷ್ಷು ಕೂಡ ತಾಗಿಸದೆ ಹಳೆಯ ಬನಿಯನ್ನಿನಿಂದ ಒರೆಸಿ ಇಡುತ್ತಿದ್ದ. ಈಗ ಅದರೊಳಗಿನಿಂದ ಎದ್ದುಬಂದ ವಾಸನೆಗೆ, ಗುಡ್ಡದ ಮೇಲಿನ ಕುರಿಮಂದೆಯೇ ಅಡುಗೆಮನೆಗೆ ನುಗ್ಗಿದಂತಾಯಿತು.

ಹಿತ್ತಿಲ ಗೋಡೆಯ ಹತ್ತಿರ ಓಡಿಹೋಗಿ ಕೂಗಿದ. “ಡಗ್ಲಸ್! ಏ ಡಗ್ಲಸ್! ಏನು ಹಾಕಿದ್ಯೋ ಇದರಲ್ಲಿ?”

ಗೋಡೆಯ ಆಚೆಯಿಂದ ಮೊದಲು ಪೈಪಿನ ಹೊಗೆ, ಆಮೇಲೆ ಟೋಪಿ, ಆಮೇಲೆ ಡಗ್ಲಸ್‌ನ ಮುಖ ಮೇಲೆ ಬಂತು.

“ಯಾವುದರಲ್ಲಿ?”

“ನನ್ನ ಡ್ರಮ್ಮಲ್ಲಿ!”

“ಓ, ಅದಾ. ಕುರಿ ಹಿಕ್ಕೆ.” ಸಕ್ಕರೆ ಅಂದಷ್ಟು ಸಲೀಸಾಗಿ ಅಂದ. “ನೀರಲ್ಲಿ ನೆನೆಹಾಕಿದ್ದೆ, ಈರುಳ್ಳಿಗೆ ಗೊಬ್ಬರ. ಬಂದು ನೋಡು ಬೇಕಾದ್ರೆ, ಒಂದೊಂದು ನನ್ನ ತಲೆ ಗಾತ್ರ ಆಗಿದೆ. ಈ ಸಲ ತರಕಾರಿ ಪ್ರದರ್ಶನದಲ್ಲಿ ನಂದೇ ಮೊದಲು.”

“ತೊಳೆದು ಕೊಡ್ತೀನಿ ಅಂದಿದ್ಯಲ್ಲೋ!”

“ತೊಳೆದಿದೀನಿ ಮಾರಾಯ, ಎರಡೆರಡು ಸಲ. ಅಷ್ಟಕ್ಕೂ ಹಿಕ್ಕೆ ಅಂದ್ರೇನು? ಹುಲ್ಲು. ನಿನ್ನ ಬಾರ್ಲಿ ಅಂದ್ರೇನು? ಅದೂ ಹುಲ್ಲಿನ ಜಾತೀನೇ. ಎರಡೂ ನೆಂಟರೇ, ಸುಮ್ನೆ ರೇಗಾಡ್ಬೇಡ.”

ಬೇರೆ ದಿನವಾಗಿದ್ದರೆ ಸಿರಿಲ್ ಗೋಡೆ ಹತ್ತಿ ಜಗಳಕ್ಕೆ ನಿಲ್ಲುತ್ತಿದ್ದನೋ ಏನೋ. ಇವತ್ತು ಅದಕ್ಕೆ ಪುರಸೊತ್ತಿರಲಿಲ್ಲ. ಒಳಗೆ ಅಡುಗೆಮನೆಯ ಮೇಜಿನ ಮೇಲೆ ಮೊಳಕೆ ಬಾರ್ಲಿಯ ಐದು ಗ್ಯಾಲನ್ ಮಾಲ್ಟಿನ ಕಷಾಯ ಕಹಿಗೆಂದು ಹಾಪ್ಸ್ ಹೂವಿನ ಗಂಟು ಹಾಕಿಸಿಕೊಂಡು ಕೊತಕೊತ ಕುದಿಯುತ್ತಿತ್ತು. ಅದು ಕುದಿಯುತ್ತಿದ್ದುದು ಚಾಪೆಲ್‌ನ ಕರೆಂಟಿನ ಚಹಾ ಹಂಡೆಯಲ್ಲಿ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಿರಿಲ್ ಉಣ್ಣೆ ಗಿರಣಿಯ ಗುಮಾಸ್ತ. ವಾರವೆಲ್ಲ ಮಗ್ಗದ ಗದ್ದಲದ ನಡುವೆ ಕೂತು ಬೇರೆಯವರ ಉಣ್ಣೆ ತೂಗಿ ಬರೆಯುವ ಬಾಳಿನಲ್ಲಿ ಅವನಿಗಿದ್ದ ಸಂತೋಷ ಒಂದೇ, ಮನೆಯಲ್ಲಿ ಬಿಯರ್ ಮಾಡುವುದು. ಹೆಂಡತಿ ಎನಿಡ್ ಚಾಪೆಲ್‌ನವಳು, ಬೀದಿಯ ಕೊನೆಯ ಆ ಸಣ್ಣ ಚರ್ಚಿಗೆ ತಪ್ಪದೆ ಹೋಗುವವಳು. ಆ ಚಾಪೆಲ್‌ನಲ್ಲಿ ಮದ್ಯವೆಂದರೆ ಕಳ್ಳತನಕ್ಕಿಂತ ಒಂದೇ ಒಂದು ಮೆಟ್ಟಿಲು ಕೆಳಗಿನ ಪಾಪ. ಆದರೂ ಗಂಡನ ಹುಚ್ಚನ್ನು ಅವಳು ವರ್ಷಗಟ್ಟಲೆ ಹೊಟ್ಟೆಗೆ ಹಾಕಿಕೊಂಡಿದ್ದಳು. ಕಳೆದ ಚಳಿಗಾಲ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಹನ್ನೊಂದು ಬಾಟಲಿ ಒಂದರ ಹಿಂದೊಂದು ಸಿಡಿದು, ಅವಳ ಕೋಟು ಈಸ್ಟರ್‌ವರೆಗೂ ಹೆಂಡದಂಗಡಿಯಂತೆ ನಾರಿತು. ವಸಂತದಲ್ಲಿ ಬಟ್ಟೆ ಒಗೆಯುವ ಬಾಯ್ಲರಿನಲ್ಲಿ ಮಾಲ್ಟು ಕುದಿಸಿದ್ದರಿಂದ ಚಾಪೆಲ್‌ನ ಮೇಜುಬಟ್ಟೆಗಳಿಗೆಲ್ಲ ಹಾಪ್ಸ್ ವಾಸನೆ ಹತ್ತಿತು. ಅವತ್ತು ಎನಿಡ್ ಕೊನೆಯ ಮಾತು ಹೇಳಿಬಿಟ್ಟಿದ್ದಳು.

“ಸಿರಿಲ್, ಇನ್ನೊಂದೇ ಒಂದು ಎಡವಟ್ಟು ಆಗ್ಲಿ. ನಿನ್ನ ಕೊಳವೆ, ನಿನ್ನ ಬಾಟಲಿ, ಬಿಯರ್ ಮಾಡೋದು ಹೇಗೆ ಅನ್ನೋ ಆ ಪುಸ್ತಕ, ಎಲ್ಲಾನೂ ಚಾಪೆಲ್‌ನ ಹಳೇ ಸಾಮಾನಿನ ಮಾರಾಟಕ್ಕೆ ಹಾಕಿಬಿಡ್ತೀನಿ. ಆಮೇಲೆ ಈ ಮನೇಲಿ ಹುದುಗೋದು ಅಂದ್ರೆ ಬ್ರೆಡ್ಡಿನ ಹಿಟ್ಟೊಂದೇ.”

ಎನಿಡ್ ಹೇಳಿದಳೆಂದರೆ ಹೇಳಿದಳು. ಆದರೆ ಮನೆಯಲ್ಲೇ ಬಿಯರ್ ಮಾಡುವ ಊರಿನವರ ಬಿಯರ್ ಕೂಟದ ವಾರ್ಷಿಕ ಸ್ಪರ್ಧೆಗೆ ಉಳಿದಿದ್ದುದು ಮೂರೇ ವಾರ, ಇವತ್ತು ಕುದಿಸದಿದ್ದರೆ ಈ ವರ್ಷವೂ ಕೈತಪ್ಪಿದಂತೆ. ಬಾಯ್ಲರು ಮುಟ್ಟುವಂತಿಲ್ಲ. ಮನೆಯಲ್ಲಿ ಐದು ಗ್ಯಾಲನ್ ಹಿಡಿಯುವ ಇನ್ನೊಂದೇ ಪಾತ್ರೆಯೆಂದರೆ ಚಹಾ ಹಂಡೆ. ಎನಿಡ್ ಹದಿನಾಲ್ಕು ವರ್ಷದಿಂದ ಚಾಪೆಲ್‌ನ ಚಹಾ ಕಾರ್ಯದರ್ಶಿ, ಹಂಡೆ ಇರುವುದು ಅವಳ ಸುಪರ್ದಿಯಲ್ಲಿ. ‘ಮದ್ಯವರ್ಜನ ಸಂಘದ ಕಾಣಿಕೆ’ ಎಂದು ಅದರ ಹೊಟ್ಟೆಯ ಮೇಲೆಯೇ ಕೊರೆದಿತ್ತು. ಸಿರಿಲ್ ಆ ಬದಿಯನ್ನು ಗೋಡೆಗೆ ತಿರುಗಿಸಿ ಇಟ್ಟುಕೊಂಡಿದ್ದ.

ಚಾಪೆಲ್‌ನಲ್ಲಿ ಮಕ್ಕಳಿಗೆ ನಡೆಸುವ ಭಾನುವಾರದ ಶಾಲೆಯ ವಾರ್ಷಿಕೋತ್ಸವದ ಚಹಾಕೂಟ ಅವತ್ತೇ, ಶನಿವಾರ ಸಂಜೆ ನಾಲ್ಕಕ್ಕೆ. ಎನಿಡ್ ಒಂಬತ್ತಕ್ಕೇ ಸ್ಯಾಂಡ್ವಿಚ್ ಕತ್ತರಿಸಲು ಸಭಾಭವನಕ್ಕೆ ಹೋಗಿದ್ದಳು. ಹಂಡೆ ಒಯ್ಯಲು ಚಾಪೆಲ್‌ನವರು ಮೂರಕ್ಕೆ ಬರುತ್ತಾರೆ. ಹನ್ನೆರಡಕ್ಕೆ ಕುದಿಸಿ ಮುಗಿಸಿ, ಕಷಾಯವನ್ನು ಡ್ರಮ್ಮಿಗೆ ಇಳಿಸಿ, ಹಂಡೆಯನ್ನು ಸೋಡಾ ಹಾಕಿ ತಿಕ್ಕಿದರೆ ಯಾರಿಗೂ ತಿಳಿಯುವುದಿಲ್ಲ ಎಂಬುದು ಸಿರಿಲ್‌ನ ಎಣಿಕೆ. ಎಣಿಕೆಯಲ್ಲಿ ತಪ್ಪಿರಲಿಲ್ಲ. ಕುರಿಯೊಂದನ್ನು ಮಾತ್ರ ಸೇರಿಸಿರಲಿಲ್ಲ.

“ಪಾತ್ರೆ ತಾನೆ ಬೇಕು?” ಡಗ್ಲಸ್ ಗೋಡೆಯ ಮೇಲಿನಿಂದಲೇ ಸಮಾಧಾನ ಹೇಳಿದ. “ನನ್ನ ಸ್ನಾನದ ತೊಟ್ಟಿ ತಗೋ. ಎಷ್ಟು ದೊಡ್ಡದು ಗೊತ್ತಾ? ನಮ್ಮಪ್ಪ, ಚಿಕ್ಕಪ್ಪ ಇಬ್ಬರೂ ಒಟ್ಟಿಗೆ ಕೂರ್ತಿದ್ರು ಅದ್ರಲ್ಲಿ.”

“ಅದು ಸತು ಬಳಿದಿರೋ ತಗಡು ಕಣೋ. ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿದಾರೆ. ಬಿಯರಿನ ಹುಳಿಗೆ ಸತು ಕರಗಿ ವಿಷ ಆಗತ್ತೆ.”

“ನಾವು ಅದ್ರಲ್ಲಿ ಐವತ್ತು ವರ್ಷ ಸ್ನಾನ ಮಾಡಿದೀವಿ, ಯಾರಿಗೂ ಏನೂ ಆಗಿಲ್ಲ.”

“ಸ್ನಾನದ ನೀರು ಯಾರಾದ್ರೂ ಕುಡಿದಿದ್ರೇನೋ?”

ಡಗ್ಲಸ್ ಪೈಪು ಬಾಯಿಂದ ತೆಗೆದು ಯೋಚನೆ ಮಾಡಿದ. “ಚಿಕ್ಕಪ್ಪನ ಬಗ್ಗೆ ಗ್ಯಾರಂಟಿ ಹೇಳಕ್ಕಾಗಲ್ಲ,” ಅಂದ. ಆಮೇಲೆ ಸಹಾಯ ಮಾಡಲೇಬೇಕೆಂದು ಪಣ ತೊಟ್ಟವನಂತೆ ಬೀದಿಗೆ ಹೋಗಿ ಎರಡೂ ಕೈ ಬಾಯಿಗಿಟ್ಟು ಕೂಗಿದ. “ಏ, ಸಿರಿಲ್‌ಗೆ ದೊಡ್ಡ ಪಾತ್ರೆ ಬೇಕಂತೆ! ಯಾರ ಮನೇಲಾದ್ರೂ ಇದ್ರೆ ಕೊಡ್ರಪ್ಪೋ!”

ಗುಟ್ಟಾಗಿ ಮುಗಿಸಬೇಕಿದ್ದ ಕೆಲಸ ಇಂಕರ್‌ಮನ್ ಬೀದಿಯ ಎರಡೂ ಸಾಲಿಗೆ ಡಂಗುರವಾಯಿತು. ಐದು ನಿಮಿಷದಲ್ಲಿ ಅಡುಗೆಮನೆಯ ಬಾಗಿಲಲ್ಲಿ ಒಂದು ಮೀನು ಸಾಕುವ ಗಾಜಿನ ತೊಟ್ಟಿ, ಎರಡು ಇದ್ದಿಲು ಬಕೆಟ್ಟು, ಮಗುವಿನ ಬಟ್ಟೆ ನೆನೆಹಾಕುವ ಒಂದು ಟಬ್ಬು ಬಂದು ನಿಂತವು. ಒಂದೊಂದರ ಹಿಂದೆ ಒಬ್ಬೊಬ್ಬರು, ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಉಪದೇಶ. ಸಿರಿಲ್ ಎಲ್ಲರಿಗೂ ಕೈಮುಗಿಯದೆ ಕೈಮುಗಿದು ಹೊರಗೆ ಕಳಿಸುವಷ್ಟರಲ್ಲಿ ಹನ್ನೆರಡೂವರೆ.

ಆಮೇಲೆ ಬಂದವಳು ಎದುರುಮನೆಯ ಅಡಾ ಅಕ್ರಾಯ್ಡ್. ಎಂಬತ್ತರ ಮುದುಕಿ, ಸಿರಿಲ್‌ನನ್ನು ಚಡ್ಡಿ ಹಾಕುವ ಮುಂಚಿನಿಂದ ಬಲ್ಲವಳು. ಮಣ್ಣಿನ ದೊಡ್ಡ ಭರಣಿಯೊಂದನ್ನು ಹಳೆಯ ಮಗುವಿನ ಗಾಡಿಯಲ್ಲಿಟ್ಟು ತಳ್ಳಿಕೊಂಡು ಬಂದಿದ್ದಳು.

“ತಗೋ ಮಗಾ. ಪ್ಲಾಸ್ಟಿಕ್ಕಂತೆ ಪ್ಲಾಸ್ಟಿಕ್ಕು! ಮಣ್ಣಿನ ಪಾತ್ರೆ ಅಂದ್ರೆ ಉಸಿರಾಡತ್ತೆ. ನಮ್ಮ ಹೆರಾಲ್ಡ್ ಬದುಕಿರೋವರೆಗೂ ಇದ್ರಲ್ಲೇ ಬಿಯರ್ ಮಾಡ್ತಿದ್ದ.”

ಭರಣಿ ನೋಡಲು ಚೆನ್ನಾಗಿಯೇ ಇತ್ತು. ಸಿರಿಲ್ ಆಸೆಯಿಂದ ತಲೆ ಒಳಗಿಟ್ಟ. ಕಣ್ಣಲ್ಲಿ ನೀರು ತುಂಬಿತು.

“ಅಡಾ ಅಜ್ಜಿ, ಇದ್ರಲ್ಲಿ ವಿನೆಗರ್ ಹಾಕಿದ್ರಾ?”

“ಈರುಳ್ಳಿ ಉಪ್ಪಿನಕಾಯಿ ಹಾಕ್ತಿದ್ದೆ. ಹೆಚ್ಚಿಲ್ಲ, ಇಪ್ಪತ್ತು ವರ್ಷ.”

“ವಿನೆಗರ್ ಹಿಡಿದ ಪಾತ್ರೇಲಿ ಬಿಯರ್ ಹಾಕಿದ್ರೆ ಅದೂ ವಿನೆಗರೇ ಆಗತ್ತೆ ಅಜ್ಜಿ. ಒಳಗಿನ ಮೆರುಗು ಬೇರೆ ಹಳೇ ಕಾಲದ್ದು, ಅದರಲ್ಲಿ ಸೀಸ ಇರತ್ತಂತೆ. ಮೈಗೆ ಒಳ್ಳೇದಲ್ಲ.”

“ಏನು ಮಾತು ಅಂತ ಆಡ್ತೀಯೋ! ನಮ್ಮ ಹೆರಾಲ್ಡ್ ದಿನಾ ಎರಡು ಪೈಂಟು ಇದ್ರದ್ದೇ ಕುಡೀತಿದ್ದ, ಗುಂಡುಕಲ್ಲಿನ ಹಾಗಿದ್ದ.”

“ಎಷ್ಟು ವಯಸ್ಸಿಗೆ ತೀರಿಕೊಂಡ್ರು ಅವರು?”

“ನಲವತ್ತೊಂಬತ್ತಕ್ಕೆ.” ಅಡಾ ಭರಣಿಯತ್ತ ನೋಡಿದಳು, ಸಿರಿಲ್‌ನತ್ತ ನೋಡಿದಳು, ಕೋಪದಿಂದ ಗಾಡಿ ತಿರುಗಿಸಿದಳು. “ಅವನ ಎದೆ ಕೆಟ್ಟಿತ್ತು. ಪಾತ್ರೇನಲ್ಲ. ನಿನ್ನಮ್ಮನೂ ಹೀಗೇ, ಉಪಕಾರ ಮಾಡೋಕೆ ಬಂದವರಿಗೆ ಕೊಂಕು.”

ಮುದುಕಿಯ ಮನಸ್ಸು ನೋಯಿಸಿದೆನಲ್ಲ ಎಂದು ಸಿರಿಲ್‌ಗೆ ನಿಜಕ್ಕೂ ಬೇಸರವಾಯಿತು. ಆದರೆ ಗಂಟೆ ಒಂದು ದಾಟಿತ್ತು, ಬೇಸರಪಡುವುದಕ್ಕೂ ಹೊತ್ತು ಬೇಕಲ್ಲ.

ಬಿಯರ್ ಕೂಟದ ಕಾರ್ಯದರ್ಶಿ ಟ್ರೆವರ್ ಲಂಬ್‌ನ ಮನೆ ಎರಡು ಬೀದಿ ಆಚೆ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಅವನು ಮಾತಾಡಿದರೆ ಔಷಧಿ ಚೀಟಿ ಓದಿದಂತಿರುತ್ತಿತ್ತು. ಸಿರಿಲ್ ಏದುಸಿರು ಬಿಡುತ್ತ ಬಂದದ್ದನ್ನು ಕಂಡು ಅವನು ಕೇಳಿದ್ದು ಒಂದೇ ಪ್ರಶ್ನೆ.

“ಪ್ಲಾಸ್ಟಿಕ್ ಬಳಸ್ತಿದ್ರಾ?”

“ಹೌದು, ಆದ್ರೆ ಬಿಳೀದು...”

“ನಾನು ಯಾವತ್ತೋ ಹೇಳಿದ್ದೆ. ಗಾಜು, ಸಗ್ಡನ್, ಗಾಜು! ಗೀರು ಬೀಳಲ್ಲ, ವಾಸನೆ ಹಿಡಿಯಲ್ಲ, ಒಳಗಡೆ ಏನಾಗ್ತಿದೆ ಅಂತ ಕಾಣತ್ತೆ. ನೀವು ಕಳೆದ ಮೂರು ವರ್ಷದಿಂದ ಕೊನೇ ಸ್ಥಾನದಲ್ಲಿ ಯಾಕಿದೀರಿ ಅನ್ಕೊಂಡ್ರಿ?”

ಆ ಉಪನ್ಯಾಸಕ್ಕೆ ಇಪ್ಪತ್ತು ನಿಮಿಷ ಹೋಯಿತು. ಕೊನೆಗೆ ಲಂಬ್ ಒಳಗಿನಿಂದ ಕುಂಬಳಕಾಯಿಯಂತೆ ಹೊಟ್ಟೆ ಬಿಟ್ಟ ಒಂದು ಗಾಜಿನ ಜಾಡಿ ತಂದು ಕೊಟ್ಟ. ಅದನ್ನು ಹಸುಗೂಸಿನಂತೆ ಎದೆಗೆ ಅವುಚಿಕೊಂಡು ಸಿರಿಲ್ ಹೊರಟ. ತಿರುವಿನ ಹತ್ತಿರ ಹೋದಾಗ ಲಂಬ್ ಹಿಂದಿನಿಂದ ಏನೋ ಕೂಗಿದ. ಸಿರಿಲ್ ಕೈ ಬೀಸಲಾರದೆ ತಲೆ ಬೀಸಿ ಧನ್ಯವಾದ ಹೇಳಿದ.

ಲಂಬ್ ಕೂಗಿದ್ದು “ತಣ್ಣಗಾದ ಮೇಲೆ ಹಾಕಿ” ಅಂತ. ಸಿರಿಲ್‌ಗೂ ಅದು ಗೊತ್ತಿತ್ತು, ಪುಸ್ತಕದ ಹನ್ನೆರಡನೇ ಪುಟದಲ್ಲೇ ಇತ್ತು. ಆದರೆ ಐದು ಗ್ಯಾಲನ್ ಕುದಿನೀರು ತಣ್ಣಗಾಗಲು ಏನಿಲ್ಲೆಂದರೂ ಮೂರು ಗಂಟೆ, ಅವನ ಹತ್ತಿರ ಇದ್ದದ್ದು ಒಂದೂಕಾಲು. ಆತುರದಲ್ಲಿರುವ ಮನುಷ್ಯ ತನಗೆ ಗೊತ್ತಿದ್ದುದನ್ನೇ ಮೊದಲು ಮರೆಯುತ್ತಾನೆ. ಹಂಡೆಯ ನಲ್ಲಿ ತಿರುಗಿಸಿ ಒಂದು ಜಗ್ಗು ಹಿಡಿದು, ಲಾಳಿಕೆಯಿಟ್ಟು ಜಾಡಿಗೆ ಸುರಿದ.

‘ಟಿಣ್’ ಎಂದಿತು. ಬಹಳ ಸಣ್ಣ ಸದ್ದು, ಬಹಳ ಮರ್ಯಾದಸ್ಥ ಸದ್ದು. ಸಿರಿಲ್ ಜಾಡಿಯನ್ನು ಎತ್ತಿ ನೋಡಿದ. ಮೇಲಿನದು ಅವನ ಕೈಯಲ್ಲಿ ಬಂತು, ತಳ ಮೇಜಿನ ಮೇಲೆಯೇ ಉಳಿಯಿತು. ಕಷಾಯ ಮೇಜಿನಿಂದ ಕುರ್ಚಿಗೆ, ಕುರ್ಚಿಯಿಂದ ಎನಿಡ್ ಕೈಯಾರೆ ಹೆಣೆದ ಚಾಪೆಗೆ, ಅಲ್ಲಿಂದ ಅವನ ಬೂಟಿನೊಳಕ್ಕೆ ಹರಿಯಿತು.

ಅವನು ನೆಲ ಒರೆಸಿದ. ಮಾಲ್ಟಿನ ಅಂಟು ಒರೆಸಿದಷ್ಟೂ ಅಗಲವಾಗಿ ಹರಡಿತು. ಈಗ ನಡೆದರೆ ಬೂಟು ಚಿರ್ರ್, ಚಿರ್ರ್ ಎನ್ನುತ್ತಿತ್ತು. ಜೋರಾಗಿ ಅಳೋಣವೆನ್ನಿಸಿತು. ಗಡಿಯಾರ ನೋಡಿದರೆ ಎರಡು ಗಂಟೆ ಹತ್ತು ನಿಮಿಷ.

ಉಳಿದದ್ದು ಒಂದೇ ದಾರಿ, ಪೇಟೆಬೀದಿಯ ಹಾರ್ಡ್‌ವೇರ್ ಅಂಗಡಿ. ಚಿರ್ರ್ ಚಿರ್ರ್ ಎನ್ನುತ್ತ ಓಡಿದ.

“ಪ್ಲಾಸ್ಟಿಕ್ ಡ್ರಮ್ಮಾ? ಧಾರಾಳವಾಗಿ ಇದೆ,” ಅಂದ ಅಂಗಡಿಯಾತ. “ಹಸಿರು, ಕೆಂಪು, ಕಪ್ಪು.”

“ಬಿಳೀದು ಬೇಕಿತ್ತು.”

“ಕಸ ತುಂಬೋಕೆ ಬಿಳೀದ್ಯಾಕೆ? ಕೊಳೆ ಕಾಣತ್ತೆ. ಹಸಿರು ತಗೊಳ್ಳಿ, ಎಲ್ರೂ ಹಸಿರೇ ಒಯ್ಯೋದು.”

“ಕಸಕ್ಕಲ್ಲ ಸ್ವಾಮಿ. ಬಣ್ಣದ ಪ್ಲಾಸ್ಟಿಕ್ಕಾದ್ರೆ ಬಣ್ಣ ಬಿಟ್ಕೊಳ್ಳತ್ತೆ. ಒಳಗೆ ಹಾಕಿದ್ದು ಕುಡಿಯೋಕಾಗಲ್ಲ.”

ಅಂಗಡಿಯಾತ ಕನ್ನಡಕ ಸರಿಮಾಡಿಕೊಂಡು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ಕಸದ ಡ್ರಮ್ಮಲ್ಲಿ ಹಾಕಿ ಕುಡೀತೀರಾ?”

“ಇದೆಯೋ ಇಲ್ವೋ ಹೇಳಿ!”

“ಇದೆ. ಕಿಟಕೀಲಿ.” ಕಿಟಕಿಯ ಪ್ರದರ್ಶನದಲ್ಲಿ ಅಚ್ಚಬಿಳಿಯ ಡ್ರಮ್ಮೊಂದು ಹತ್ತು ಪೊರಕೆ ಹೊತ್ತು ನಿಂತಿತ್ತು. “ಆದ್ರೆ ಅದು ಅಲಂಕಾರಕ್ಕಿಟ್ಟಿರೋದು. ನಮ್ಮ ಹೆಂಗಸ್ರು ಎರಡು ದಿನ ಕೂತು ಜೋಡಿಸಿದಾರೆ. ಸೋಮವಾರ ಬನ್ನಿ.”

ಸಿರಿಲ್ ಬೇಡಿಕೊಂಡ, ಗದರಿದ, ಮತ್ತೆ ಬೇಡಿಕೊಂಡ. ಹಿಂದೆ ಸಾಲಿನಲ್ಲಿ ನಿಂತ ಹೆಂಗಸೊಬ್ಬಳು, “ಕೊಟ್ಬಿಡಿ ಪಾಪ, ಮನೇಲಿ ಏನು ತೊಂದ್ರೆನೋ,” ಎಂದು ಅವನ ಅಂಟುಬೂಟನ್ನು ನೋಡಿ ಮರುಗಿದಳು. ಕೊನೆಗೆ ಹತ್ತೂ ಪೊರಕೆಯನ್ನು ಸಿರಿಲ್ ತಾನೇ ಒಂದೊಂದಾಗಿ ತೆಗೆದು, ಪ್ಲಾಸ್ಟಿಕ್ ಹೂವಿನ ಹಾರ ಬಿಚ್ಚಿ, ಕೆಳಗಿನ ಬಟ್ಟೆ ಮಡಿಸಿಟ್ಟ ಮೇಲೆ ಡ್ರಮ್ಮು ಕೈಗೆ ಬಂತು. ಅದನ್ನು ಹೆಗಲ ಮೇಲೆ ಹೊತ್ತು ಏರುದಾರಿಯಲ್ಲಿ ಓಡುವಾಗ ಅವನಿಗೆ ಬೆಳಗಿನಿಂದ ಮೊದಲ ಸಲ ಜೀವ ಬಂದಂತಾಗಿತ್ತು. ಮೂರಕ್ಕೆ ಇನ್ನೂ ಹತ್ತು ನಿಮಿಷ. ಇಳಿಸಲು ನಾಲ್ಕು, ತಿಕ್ಕಲು ನಾಲ್ಕು, ಉಸಿರು ಬಿಡಲು ಎರಡು.

ಅಡುಗೆಮನೆಯ ಬಾಗಿಲು ತೆರೆದಿತ್ತು. ಮೇಜಿನ ಮೇಲೆ ಹಂಡೆ ಇರಲಿಲ್ಲ.

ಮೇಜಿನ ಪಕ್ಕ ಡಗ್ಲಸ್ ಪೈಪು ಸೇದುತ್ತ ಕೂತಿದ್ದ. “ಬಂದ್ಯಾ? ಒಳ್ಳೇ ಕೆಲಸ ಆಯ್ತು ನೋಡು. ಜನ ಆಗ್ಲೇ ಸೇರಿದಾರೆ, ಚಹಾಕೂಟ ಮೂರಕ್ಕೇ ಶುರು ಅಂತ ಚಾಪೆಲ್‌ನವರು ಬೇಗ ಬಂದ್ಬಿಟ್ರು. ‘ಸಗ್ಡನ್ ಇಲ್ವಾ’ ಅಂದ್ರು. ಹಂಡೆ ತುಂಬಿದೆ, ಬಿಸಿ ಇದೆ, ‘ಪರವಾಗಿಲ್ವೇ, ಚಹಾ ಮಾಡಿ ರೆಡಿ ಇಟ್ಟಿದಾನೆ’ ಅಂತ ಒಳ್ಳೇ ಮಾತಾಡಿದ್ರು ನಿನ್ನ ಬಗ್ಗೆ. ನಿನಗೆ ಸೊಂಟ ನೋವಲ್ವಾ, ನಾನೇ ಒಂದು ಕೈ ಹಿಡಿದು ತಳ್ಳುಗಾಡಿಗೆ ಏರಿಸಿಕೊಟ್ಟೆ.”

ಸಿರಿಲ್ ಮೇಜಿನ ಮೇಲೆ ಹಂಡೆ ಬಿಟ್ಟುಹೋದ ದುಂಡನೆಯ ಗುರುತನ್ನು ನೋಡಿದ.

“ಧನ್ಯವಾದ ಎಲ್ಲ ಬೇಡ,” ಅಂದ ಡಗ್ಲಸ್. “ನೆರೆಹೊರೆ ಅಂದ್ಮೇಲೆ ಇಷ್ಟೂ ಮಾಡ್ದಿದ್ರೆ ಹೇಗೆ.”

ಸಿರಿಲ್ ಡ್ರಮ್ಮನ್ನು ಇಳಿಸುವುದನ್ನೂ ಮರೆತು ಹಾಗೆಯೇ ತಿರುಗಿ ಓಡಿದ. ಬೀದಿಯುದ್ದಕ್ಕೂ ಬಾಗಿಲಲ್ಲಿ ನಿಂತವರು, “ಪಾತ್ರೆ ಸಿಕ್ತಾ ಸಿರಿಲ್?” “ಬಿಳೀದು ಯಾಕೋ ತಂದೆ? ಕೊಳೆ ಕಾಣಲ್ವಾ?” ಎಂದು ವಿಚಾರಿಸುತ್ತಲೇ ಇದ್ದರು. ದಾರಿಯಲ್ಲಿ ಅವನು ಹೊಸೆದ ಉಪಾಯಗಳು ಹಲವಾರು. ಬೆಂಕಿ ಬೆಂಕಿ ಎಂದು ಕೂಗಿ ಸಭೆಯನ್ನು ಚದುರಿಸುವುದು. ಹಂಡೆಗೆ ಎಡವಿದಂತೆ ಮಾಡಿ ಉರುಳಿಸುವುದು. ಸಭಾಭವನ ಹತ್ತಿರವಾದಂತೆ ಒಂದೊಂದೇ ಉಪಾಯ ಅವನ ಕೈಬಿಟ್ಟು ಹೋಯಿತು. ಉಳಿದದ್ದು ಎನಿಡ್‌ಳ ಮುಖವೊಂದೇ.

ಬಾಗಿಲು ನೂಕಿ ಒಳಗೆ ಬಿದ್ದ. ಚಿರ್ರ್, ಚಿರ್ರ್, ಚಿರ್ರ್. ಎಂಬತ್ತು ಜನ ತಿರುಗಿ ನೋಡಿದರು.

ಉದ್ದನೆಯ ಮೇಜಿನ ಕೊನೆಯಲ್ಲಿ ಹಂಡೆ ಹೊಳೆಯುತ್ತ ಕೂತಿತ್ತು. ಅದರ ಪಕ್ಕ ಎನಿಡ್, ಕೈಯಲ್ಲಿ ಹಾಲಿನ ಜಗ್ಗು. ಅವಳ ಮುಖಕ್ಕೂ ಹಾಲಿಗೂ ಬಣ್ಣದಲ್ಲಿ ವ್ಯತ್ಯಾಸವಿರಲಿಲ್ಲ. ನಲ್ಲಿ ತಿರುಗಿಸಿದ ಕ್ಷಣವೇ ಅವಳ ಮೂಗಿಗೆ ಎಲ್ಲ ಅರ್ಥವಾಗಿತ್ತು. ಆದರೆ ಮೊದಲ ಬಟ್ಟಲು ಅಷ್ಟರಲ್ಲಿ ಕೈತಪ್ಪಿ ಹೋಗಿತ್ತು. ಅದನ್ನು ಹಿಡಿದು ಕೂತವರು ಮಿಸ್ ಶ್ಯಾಕಲ್ಟನ್. ನಲವತ್ತು ವರ್ಷದಿಂದ ಮದ್ಯವರ್ಜನ ಸಂಘದ ಅಧ್ಯಕ್ಷೆ, ಕ್ರಿಸ್ಮಸ್ ಕೇಕಿನಲ್ಲಿ ಬ್ರಾಂದಿಯ ವಾಸನೆ ಬಂತೆಂದು ಸ್ವಂತ ತಂಗಿಯ ಮನೆಗೆ ಹೋಗುವುದನ್ನೇ ನಿಲ್ಲಿಸಿದವರು.

ಅವರು ಒಂದು ಗುಟುಕು ಕುಡಿದರು. ಕಣ್ಣು ಮುಚ್ಚಿದರು. ಇನ್ನೊಂದು ಗುಟುಕು ಕುಡಿದರು.

“ಮಿಸ್ಟರ್ ಸಗ್ಡನ್.”

“ಮೇಡಂ.”

“ಇದು ಚಹಾ ಅಲ್ಲ.”

“ಅಲ್ಲ ಮೇಡಂ.”

“ಏನಿದು?”

ಎನಿಡ್ ಅವನನ್ನೇ ನೋಡುತ್ತಿದ್ದಳು. ಕೋಪವಿದ್ದಿದ್ದರೆ ಸಿರಿಲ್ ತಡೆದುಕೊಳ್ಳುತ್ತಿದ್ದ. ಇದ್ದದ್ದು ಹೆದರಿಕೆ. ಹದಿನಾಲ್ಕು ವರ್ಷ ಒಂದು ಲೋಟ ಒಡೆಯದೆ ನಡೆಸಿಕೊಂಡು ಬಂದ ಹುದ್ದೆ ಎಲ್ಲರ ಮುಂದೆ ಹೋಗುತ್ತದಲ್ಲ ಎಂಬ ಹೆದರಿಕೆ.

“ಮಾಲ್ಟು ಮೇಡಂ. ಮಾಲ್ಟು, ಹಾಪ್ಸ್ ಹೂವು, ಸ್ವಲ್ಪ ಸಕ್ಕರೆ.”

“ಇದರಲ್ಲಿ ಮತ್ತೇರುವಂಥದ್ದು ಏನಾದರೂ ಇದೆಯೇ?”

“ಒಂದು ಹನಿ ಇಲ್ಲ ಮೇಡಂ.” ಕಷಾಯವನ್ನು ಹುದುಗಿಸಿ ಮತ್ತು ಬರಿಸುವ ಯೀಸ್ಟ್ ಹಾಕುವ ಭಾಗ್ಯವೇ ಅವನಿಗೆ ಸಿಕ್ಕಿರಲಿಲ್ಲವಲ್ಲ. ಆ ಮಾತನ್ನು ಅವನು ಹೇಳಿದ್ದು ದುಃಖದಿಂದ. ಕೇಳಿದವರಿಗೆ ಅದು ಭಕ್ತಿಯಂತೆ ಕೇಳಿಸಿತು.

“ಹಾಗಾದರೆ ನಮ್ಮ ಹಂಡೆಯಲ್ಲಿ ಇದನ್ನು ಕುದಿಸಿದ್ದು ಯಾತಕ್ಕೆ?”

ಸಿರಿಲ್ ಜನ್ಮದಲ್ಲಿ ಸುಳ್ಳು ಹೇಳಿ ದಕ್ಕಿಸಿಕೊಂಡವನಲ್ಲ. ಆದರೂ ಎನಿಡ್‌ಳತ್ತ ಇನ್ನೊಮ್ಮೆ ನೋಡಿ ಹೇಳಿಬಿಟ್ಟ. “ಚಾಪೆಲ್‌ಗೇ ಮೇಡಂ. ವಾರ್ಷಿಕೋತ್ಸವ ಅಲ್ವಾ. ಎಲ್ರಿಗೂ ಕುಡಿಸೋಣ ಅಂತ. ಎನಿಡ್‌ಗೂ ಹೇಳಿರಲಿಲ್ಲ.”

ಮಿಸ್ ಶ್ಯಾಕಲ್ಟನ್ ಮೂರನೇ ಗುಟುಕು ಕುಡಿದರು. ನೋಡನೋಡುತ್ತಿದ್ದಂತೆ ಆ ಕಬ್ಬಿಣದ ಹೆಂಗಸಿನ ಕಣ್ಣಿಂದ ಒಂದು ಹನಿ ಉದುರಿತು.

“ನಮ್ಮ ತಂದೆಯವರ ಪಾನಕ,” ಅಂದರು. “ಸ್ಟೇಷನ್ ರಸ್ತೆಯಲ್ಲಿ ಅವರು ಮದ್ಯವರ್ಜನ ಪಾನಗೃಹ, ಅಂದರೆ ಬರೀ ಪಾನಕದ ಅಂಗಡಿ, ನಡೆಸುತ್ತಿದ್ದರು. ಇದೇ ರುಚಿ. ಯುದ್ಧದ ಕಾಲಕ್ಕೆ ಮುಚ್ಚಿಹೋದ ಮೇಲೆ ಈ ರುಚಿ ಮತ್ತೆ ಸಿಗುತ್ತದೆ ಅಂತ ನಾನು ಅಂದುಕೊಂಡೇ ಇರಲಿಲ್ಲ. ಎಲ್ಲರಿಗೂ ಕೊಡಮ್ಮ ಎನಿಡ್! ಹಾಲು ಬೇಡ, ಹಾಗೇ ಕೊಡು.”

ಎನಿಡ್ ಕೊಟ್ಟಳು. ಮಕ್ಕಳು ಕುಡಿದು ಮತ್ತೆ ಬಟ್ಟಲು ಚಾಚಿದರು. ಮುದುಕರು ಕುಡಿದು ತಮ್ಮ ಬಾಲ್ಯ ನೆನೆದರು. ಹಿಂದೆಯೇ ಬಂದು ಸೇರಿಕೊಂಡ ಡಗ್ಲಸ್ ನಾಲ್ಕು ಬಟ್ಟಲು ಕುಡಿದ. ಮೂರು ವಾರ ಹುದುಗಿ, ತಿಳಿಯಾಗಿ, ನೊರೆಗಟ್ಟಿ ಸ್ಪರ್ಧೆಯ ಮೇಜು ಏರಬೇಕಿದ್ದ ಬಿಯರು ನಲವತ್ತು ನಿಮಿಷದಲ್ಲಿ ಬನ್ನು, ಜೆಲ್ಲಿಗಳ ಜೊತೆ ಮುಗಿದುಹೋಯಿತು. ಸಿರಿಲ್ ಹೊಸ ಡ್ರಮ್ಮನ್ನು ತಬ್ಬಿಕೊಂಡು ಮೂಲೆಯ ಬೆಂಚಿನಲ್ಲಿ ಕೂತು ನೋಡಿದ.

ಸ್ವಲ್ಪ ಹೊತ್ತಿಗೆ ಎನಿಡ್ ಬಂದು ಪಕ್ಕ ಕೂತಳು.

“ಸುಳ್ಳುಬುರುಕ,” ಎಂದಳು ಮೆಲ್ಲಗೆ. ಆಮೇಲೆ ಅವನ ಕೈ ಹಿಡಿದು, “ಹೋಗ್ಲಿ, ಇದನ್ನ ಎಡವಟ್ಟು ಅಂತ ಲೆಕ್ಕಕ್ಕೆ ಹಿಡಿಯಲ್ಲ,” ಎಂದಳು.

ಸಿರಿಲ್‌ಗೆ ಹೋದ ಪ್ರಾಣ ಬಂದಂತಾಯಿತು. ಕೊಳವೆ ಉಳಿಯಿತು, ಬಾಟಲಿ ಉಳಿದವು, ಪುಸ್ತಕ ಉಳಿಯಿತು. ತೊಡೆಯ ಮೇಲೆ ಗೀರಿಲ್ಲದ ಹೊಸ ಡ್ರಮ್ಮು. ನಾಳೆಯೇ ಇನ್ನೊಂದು ಐದು ಗ್ಯಾಲನ್ ಕುದಿಸಿದರೂ ಸ್ಪರ್ಧೆಗೆ ಮುಟ್ಟುತ್ತದೆ. ಎಲ್ಲಿ ಕುದಿಸುವುದೆಂದು ಅವನು ಆಗಲೇ ಯೋಚಿಸತೊಡಗಿದ್ದ.

ಅಷ್ಟರಲ್ಲಿ ಮಿಸ್ ಶ್ಯಾಕಲ್ಟನ್ ಎದ್ದು ಕೋಲಿನಿಂದ ನೆಲ ಕುಟ್ಟಿದರು.

“ಬಂಧುಗಳೇ, ಮಿಸ್ಟರ್ ಸಗ್ಡನ್‌ರ ಬಗ್ಗೆ ಊರಲ್ಲಿ ಏನೇನೋ ಮಾತಿತ್ತು. ನಾನೂ ನಂಬಿದ್ದೆ, ಅದಕ್ಕೆ ಕ್ಷಮೆ ಕೇಳುತ್ತೇನೆ. ಇಂಥ ಪಾನಕವನ್ನು ಚಾಪೆಲ್‌ಗೆಂದು ತಯಾರಿಸುವ ಮನುಷ್ಯ ಮದ್ಯದ ಕಡೆ ಬೆನ್ನು ತಿರುಗಿಸಿ ಆಗಿದೆ ಅಂತಲೇ ಅರ್ಥ. ಅವರಿಗೊಂದು ಉಡುಗೊರೆ ಇದೆ. ತನ್ನಿ ಮೇಲಕ್ಕೆ!”

ನೆಲಮಾಳಿಗೆಯ ಬಾಗಿಲು ತೆರೆಯಿತು. ಇಬ್ಬಿಬ್ಬರು ಗಂಡಸರು ಒಂದೊಂದನ್ನು ಎತ್ತಿಕೊಂಡು ಬಂದು ಸಾಲಾಗಿ ಇಟ್ಟರು. ಪಿಂಗಾಣಿ ಭರಣಿಗಳು, ಒಟ್ಟು ಹನ್ನೆರಡು. ಒಂದೊಂದೂ ಐದು ಗ್ಯಾಲನ್ನಿನದು. ಅಗಲ ಬಾಯಿ, ಬಿಗಿಯಾಗಿ ಕೂರುವ ಮುಚ್ಚಳ, ತಳದಿಂದ ಎರಡು ಬೆರಳು ಮೇಲೆ ಮರದ ನಲ್ಲಿ, ಗಸಿ ಕೆಳಗೇ ಉಳಿಯುವಂತೆ. ಸಿರಿಲ್ ಎದ್ದುಹೋಗಿ ಒಂದರೊಳಗೆ ತೋಳಿಳಿಸಿ ಸವರಿ ನೋಡಿದ. ಗೀರಿಲ್ಲ, ಬಿರುಕಿಲ್ಲ, ವಾಸನೆಯಿಲ್ಲ. ‘ಸಿಕ್ಕರೆ ಇದಕ್ಕಿಂತ ಒಳ್ಳೆಯದಿಲ್ಲ, ಆದರೆ ಈಗ ಎಲ್ಲೂ ಸಿಗುವುದಿಲ್ಲ’ ಎಂದು ಪುಸ್ತಕ ಕೈಚೆಲ್ಲಿದ್ದು ಇಂಥ ಪಾತ್ರೆಯ ಬಗ್ಗೆಯೇ.

“ನಮ್ಮ ತಂದೆಯವರದು. ಅಂಗಡಿ ಮುಚ್ಚಿದಾಗಿನಿಂದ ಇಲ್ಲೇ ಇದ್ದವು,” ಅಂದರು ಮಿಸ್ ಶ್ಯಾಕಲ್ಟನ್. “ಇನ್ನು ನಿಮ್ಮದು. ಇಲ್ಲೊಂದು ಸಣ್ಣ ಕೆಲಸ ಉಳಿದಿದೆ.”

ಅಂಚಿಗೆ ಹೂಬಳ್ಳಿ ಅಚ್ಚಾದ ಒಂದು ದಪ್ಪ ಕಾಗದವನ್ನು ಅವರು ಮೇಜಿನ ಮೇಲೆ ಬಿಡಿಸಿದರು. ಮದ್ಯವರ್ಜನೆಯ ಪ್ರತಿಜ್ಞಾಪತ್ರ. ಮದ್ಯ ಕುಡಿಯುವುದಿಲ್ಲ, ತಯಾರಿಸುವುದಿಲ್ಲ, ತಯಾರಿಸುವವರಿಗೆ ನೆರವಾಗುವುದಿಲ್ಲ. ಲೇಖನಿಯನ್ನು ಆಗಲೇ ಶಾಯಿಯಲ್ಲಿ ಅದ್ದಿಟ್ಟಿದ್ದರು.

ಸಿರಿಲ್ ಲೇಖನಿ ನೋಡಿದ. ಭರಣಿ ನೋಡಿದ. ಆಗುವುದಿಲ್ಲ ಅಂದರೆ, ಹಾಗಾದರೆ ಮಾಲ್ಟು ಯಾತಕ್ಕೆ ಕುದಿಸಿದ್ದು ಎಂಬ ಪ್ರಶ್ನೆ ಮತ್ತೆ ಮೇಲೇಳುತ್ತದೆ. ಎನಿಡ್ ಎರಡೂ ಕೈ ಎದೆಗೆ ಒತ್ತಿಕೊಂಡು ನಿಂತಿದ್ದಳು. ಮದುವೆಯ ದಿನದಿಂದ ಈಚೆಗೆ ಅವಳು ಅವನನ್ನು ಹಾಗೆ ನೋಡಿದ್ದೇ ಇಲ್ಲ.

ಸಹಿ ಹಾಕಿದ. ಎಂಬತ್ತು ಜನ ಚಪ್ಪಾಳೆ ತಟ್ಟಿದರು.

ಆರು ಗಂಟೆಗೆ ಭರಣಿಗಳು ತಳ್ಳುಗಾಡಿಯಲ್ಲಿ ಮೂರು ಸರದಿಯಾಗಿ ಮನೆ ಸೇರಿದವು. ಅಡುಗೆಮನೆಯಲ್ಲಿ ಹಿಡಿಸದೆ ನಡುಮನೆಯವರೆಗೂ ಸಾಲು ನಿಂತಿತು. ಎನಿಡ್ ಪ್ರತಿಜ್ಞಾಪತ್ರಕ್ಕೆ ಚೌಕಟ್ಟು ಹುಡುಕಿ, ಒಲೆಯ ಮೇಲಿನ ಮೊಳೆಗೆ ತೂಗುಹಾಕಿ, ಸೊಟ್ಟಗಿದೆಯೇ ಎಂದು ಹಿಂದೆ ಸರಿದು ನೋಡಿದಳು.

“ಬರೋ ಶನಿವಾರಕ್ಕೆ ಹನ್ನೆರಡೂ ತುಂಬಿರಬೇಕಂತೆ,” ಅಂದಳು. “ಪಕ್ಕದ ಊರಿನ ಚಾಪೆಲ್‌ಗಳಿಗೂ ಕಳಿಸ್ತಾರಂತೆ. ಶುಕ್ರವಾರ ಸಂಜೆ ಮಿಸ್ ಶ್ಯಾಕಲ್ಟನ್ ತಾವೇ ಬಂದು ಒಂದೊಂದರ ಮುಚ್ಚಳ ತೆಗೆದು ಮೂಸಿ ನೋಡ್ತಾರೆ. ಹುದುಗಿ ಒಂದು ಗುಳ್ಳೆ ಕಂಡ್ರೂ ಚರಂಡಿಗೆ.”

ಸಿರಿಲ್ ಒಂದು ಭರಣಿಯ ನುಣ್ಣನೆಯ ಅಂಚನ್ನು ಬೆರಳಿಂದ ಸವರುತ್ತ ಕೂತಿದ್ದ. “ಆ ಪ್ರತಿಜ್ಞೆ ಎಷ್ಟು ವಾರದ ಮಟ್ಟಿಗೆ?” ಎಂದು ಕೇಳಿದ.

“ವಾರ ಎಲ್ಲಿಂದ ಬಂತು?” ಎನಿಡ್ ಚೌಕಟ್ಟನ್ನು ಒಂದು ಕೂದಲೆಳೆಯಷ್ಟು ಎಡಕ್ಕೆ ಸರಿಸಿದಳು. “ಜೀವಮಾನಪರ್ಯಂತ ಅಂತ ನೀನೇ ಸಹಿ ಹಾಕಿದೀಯಲ್ಲ.”